ಚಿಕ್ಕಮ್ಮನ ಹಾಲೆಂಡಿನ ಮಗಳು

ನಮ್ಮ ಚಿಕ್ಕಮ್ಮನಿಗೆ ಹಾಲೆಂಡಿನಲ್ಲಿ ಒಬ್ಬ ಮಗಳಿದ್ದಾಳೆ. ಗಾಬರಿಯಾಗಬೇಡಿ, ಚಿಕ್ಕಮ್ಮನಿಗೆ ಮದುವೆಯೇ ಆಗಿಲ್ಲ! ಇದನ್ನು ಕೇಳಿ ಗಾಬರಿ ಇನ್ನೂ ಹೆಚ್ಚಾಯಿತೇ? ತಡೆಯಿರಿ, ಹೇಳುತ್ತೇನೆ. ಆ ಮಗಳು ಸೈಕಲ್ ಹೊಡೆಯುವವಳು. ಅದೇ ಅವಳ ಕಸುಬು. ಯೂರೋಪಿನ ರಸ್ತೆಗಳಲ್ಲಿ ನಡೆಯುವ ಹೆಂಗಸರ ರೇಸುಗಳಲ್ಲಿ ಪೆಡಲ್ ತುಳಿದು ಸಂಬಳ ಎಣಿಸುತ್ತಾಳೆ. ಚಿಕ್ಕಮ್ಮ ಅವಳನ್ನು ಟಿವಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಅಮೆರಿಕದ ಸನ್ನಿವೇಲಿನಲ್ಲಿ ಚಿಕ್ಕಮ್ಮ ಎಂಬುವವಳೊಬ್ಬಳು ಇದ್ದಾಳೆಂದು ಅವಳಿಗೆ ಗೊತ್ತೇ ಇಲ್ಲ. ಆದರೂ ಅವಳು ಅಲ್ಲಿ ಬಿದ್ದರೆ ಇಲ್ಲಿ ನಮ್ಮ ಮನೆಯಲ್ಲಿ ಒಲೆ ಹತ್ತುವುದಿಲ್ಲ.

ಅವಳ ಹೆಸರು ಕೇಳಬೇಡಿ. ಡಚ್ಚರು ಅದನ್ನು ಗಂಟಲಿನ ಬುಡದಿಂದ ಕ್ಯಾಕರಿಸಿ ಹೇಳುತ್ತಾರೆ. ಚಿಕ್ಕಮ್ಮ ಒಮ್ಮೆ ಪ್ರಯತ್ನಪಟ್ಟಾಗ ನನ್ನ ಗಂಡ ಓಡಿಹೋಗಿ ಬಿಸಿನೀರು ತಂದುಕೊಟ್ಟ. ಅಂದಿನಿಂದ ಅವಳು ಬರೀ 'ನಮ್ಮ ಹುಡುಗಿ'.

ಚಿಕ್ಕಮ್ಮ ಮೈಸೂರಿನಿಂದ ಅಮೆರಿಕಕ್ಕೆ ಬಂದದ್ದು ನನ್ನ ಬಾಣಂತನಕ್ಕೆ. ನನ್ನ ಅಮ್ಮನಿಗೆ ಮಂಡಿನೋವು, ಅತ್ತೆಗೆ ವಿಮಾನವೆಂದರೆ ಭಯ. ಇಬ್ಬರೂ ಒಟ್ಟಿಗೆ "ಅವಳಿದ್ದಾಳಲ್ಲ!" ಎಂದರು. ನಮ್ಮ ವಂಶದಲ್ಲಿ ಯಾವ ಕಷ್ಟ ಬಂದರೂ ಬಾಯಿಗೆ ಬರುವ ಮೊದಲ ಮಾತೇ ಅದು. ಚಿಕ್ಕಮ್ಮ ಅಂಟಿನುಂಡೆ, ಬಜೆ, ಸಾಂಬ್ರಾಣಿ ಕಟ್ಟಿಕೊಂಡು ಬಂದಳು. ಬಂದ ವಾರದಲ್ಲೇ ಮಗುವಿಗೆ ಎಣ್ಣೆನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿದಳು ನೋಡಿ, ಇಡೀ ಅಪಾರ್ಟ್‌ಮೆಂಟಿನ ಅಲಾರಂ ಬಾಯಿ ಬಡಿದುಕೊಂಡಿತು! ಕೆಂಪು ಲಾರಿಯಲ್ಲಿ ಬಂದ ಆಜಾನುಬಾಹುಗಳು "ಬೆಂಕಿ ಎಲ್ಲಿ?" ಎಂದು ಕೇಳಿದರು. "ಕೂಸಿನ ತಲೆ ಒಣಗಿಸ್ತಿದೀನಿ ಅಂತ ಹೇಳೇ," ಎಂದಳು ಚಿಕ್ಕಮ್ಮ. ಹೋಗುವಾಗ ಅವರ ಕೈಯಲ್ಲಿ ಒಂದೊಂದು ಅಂಟಿನುಂಡೆ ಇತ್ತು. ಅವರಲ್ಲೊಬ್ಬ ಬಾಣಂತಿಯ ತಿಂಡಿ ಎಂದು ತಿಳಿಯದೆ ಇನ್ನೊಂದು ಕೇಳಿ ಇಸಿದುಕೊಂಡ.

ಅದಾದಮೇಲೆ ಅವಳು ವಾಪಸು ಹೋಗಲು ಯಾರು ಬಿಟ್ಟರು? ಇಲ್ಲೇ ಇರುವ ಸೋದರಮಾವ ಗ್ರೀನ್ ಕಾರ್ಡು ಮಾಡಿಸಿಕೊಟ್ಟ. ಸರಟೋಗಾದಲ್ಲಿ ಅವನ ಸೊಸೆಯ ಬಾಣಂತನ, ಸ್ಯಾನ್ ರಮೋನಿನಲ್ಲಿ ಅವನ ಮಗಳ ಬಾಣಂತನ, ಆಮೇಲೆ ಅವರ ಗೆಳತಿಯರದು. ಚಿಕ್ಕಮ್ಮ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದ ಮಕ್ಕಳು ಈಗ ನನ್ನ ಮಗಳ ಹಾಗೆ ತುಟಿ ತಿರುಚಿ "ವಾಟೆವರ್" ಎನ್ನುವ ವಯಸ್ಸಿಗೆ ಬಂದಿದ್ದಾರೆ.

ಹಾಲೆಂಡಿನ ಮಗಳು ಹುಟ್ಟಿದ್ದು ಸ್ಯಾನ್ ರಮೋನಿನ ಆ ಬಾಣಂತನದಲ್ಲಿ. ಕೂಸು ಮಡಿಲಲ್ಲಿ ನಿದ್ದೆ ಹೋಗಿತ್ತು, ಟಿವಿಯಲ್ಲಿ ಯಾವುದೋ ಸೈಕಲ್ ರೇಸಿನ ಮರುಪ್ರಸಾರ ಸದ್ದಿಲ್ಲದೆ ಓಡುತ್ತಿತ್ತು. ನಾನು ಆಫೀಸಿನಲ್ಲಿ ಮೀಟಿಂಗಿನ ನಡುವೆ ಇದ್ದಾಗ ಫೋನು ಬಂತು.

"ಆ ಹುಡುಗಿ ಮನೆ ಸೇರಿದ್ಲೇನೇ?"

"ಯಾವ ಹುಡುಗಿ ಚಿಕ್ಕಮ್ಮ?"

"ಚಕ್ರ ಕೊಟ್ಟವಳು ಕಣೇ! ಯಾವಳದೋ ಸೈಕಲ್ ಪಂಕ್ಚರ್ ಆಯ್ತು. ಇವಳು ಇಳಿದು ತನ್ನ ಚಕ್ರ ಬಿಚ್ಚಿ ಕೊಟ್ಟು, ಬೆನ್ನು ಹಿಡಿದು ತಳ್ಳಿ ಕಳಿಸಿದ್ಲು. ಟಿವಿಯವರು ಅವಳ ಹಿಂದೆ ಹೋಗ್ಬಿಟ್ರು. ಇವಳು ಪಂಕ್ಚರ್ ಚಕ್ರ ಹಿಡ್ಕೊಂಡು ರಸ್ತೇಲೇ ನಿಂತಿದಾಳೆ!"

ಸಂಜೆ ಹುಡುಕಿ ನೋಡಿ ತಿಳಿಸಿದೆ. ಇದು ತಂಡದ ಆಟ, ತಂಡದಲ್ಲಿ ಗೆಲ್ಲಬೇಕಾದವಳು ಒಬ್ಬಳೇ. ಉಳಿದವರು ಅವಳ ಮುಂದೆ ಹೋಗಿ ಗಾಳಿ ತಡೆಯಬೇಕು, ಹಿಂದೆ ಬರುವ ತಂಡದ ಕಾರಿನಿಂದ ನೀರು ತಂದುಕೊಡಬೇಕು, ಬೇಕೆಂದರೆ ಚಕ್ರ ಬಿಚ್ಚಿಕೊಡಬೇಕು. ಈ ಡಚ್ಚು ಹುಡುಗಿ ವರ್ಷಗಟ್ಟಲೆಯಿಂದ ಮಾಡುತ್ತಿರುವುದು ಇದನ್ನೇ, ತನ್ನ ಹೆಸರಿನಲ್ಲಿ ಒಂದು ರೇಸೂ ಗೆದ್ದಿಲ್ಲ ಎಂದೆ. ಚಿಕ್ಕಮ್ಮ, "ಬಾಣಂತನಕ್ಕೆ ಬಂದವಳು ಅನ್ನು," ಎಂದಳು.

ಅಲ್ಲಿಗೆ ನಮ್ಮ ಮನೆಯ ನೆಮ್ಮದಿ ಮುಗಿಯಿತು. ಅಲ್ಲಿ ಮಧ್ಯಾಹ್ನ ರೇಸು ಎಂದರೆ ನಮಗೆ ನಸುಕು. ಚಿಕ್ಕಮ್ಮ ಸ್ನಾನ ಮಾಡಿ, ದೀಪ ಹಚ್ಚಿ, ಫಿಲ್ಟರ್ ಕಾಫಿ ಹಿಡಿದು ಟಿವಿ ಮುಂದೆ ಕೂರುತ್ತಾಳೆ. ನಮ್ಮ ಹುಡುಗಿ ತಂಡಕ್ಕೆಲ್ಲ ನೀರಿನ ಬಾಟಲಿಗಳನ್ನು ಅಂಗಿಯ ಹಿಂದೆ ತುರುಕಿಕೊಂಡು ಬಂದರೆ, "ನೋಡೇ, ಬೆನ್ನಲ್ಲಿ ಬಸುರಿ!" ಎಂದು ನನ್ನನ್ನು ಎಬ್ಬಿಸುತ್ತಾಳೆ. ತಂಡದ ನಾಯಕಿಗೆ ಉದ್ದ ಜಡೆ. ಆ ಜಡೆಯವಳನ್ನು ಕಂಡರೆ ಚಿಕ್ಕಮ್ಮನಿಗೆ ಮೈಯೆಲ್ಲ ಉರಿ. "ಕುಡಿದು ಬಾಟ್ಲಿ ರಸ್ತೆಗೆ ಎಸೀತಾಳಲ್ಲ, ಯಾರ ಮನೆ ಸೊಸೆ ಆಗ್ತಾಳೋ!" ಗೆದ್ದಮೇಲೆ ಜಡೆಯವಳು ಮೈಕಿನ ಮುಂದೆ ಟೀಮಿಗೆ ಥ್ಯಾಂಕ್ಸ್ ಹೇಳಿದರಂತೂ ಮುಗಿಯಿತು. "ಟೀಮು ಟೀಮು ಅಂತಾಳೆ. ಆ ಟೀಮಿಗೆ ಒಂದು ಹೆಸರಿಲ್ವೇನೇ?"

ಹೌದಲ್ಲ ಎಂದು ನನ್ನ ಮಗಳ ನಾಮಕರಣದ ಫೋಟೋಗಳನ್ನು ಒಂದು ದಿನ ತೆಗೆದು ನೋಡಿದೆ. ನಾನಿದ್ದೇನೆ, ಗಂಡನಿದ್ದಾನೆ, ಪಕ್ಕದ ಅಪಾರ್ಟ್‌ಮೆಂಟಿನ ಚೀನೀ ಅಜ್ಜಿ ಕೂಡ ಇದ್ದಾಳೆ. ಚಿಕ್ಕಮ್ಮ ಇಲ್ಲ. ಒಂದು ಫೋಟೋದ ಅಂಚಿನಲ್ಲಿ, ಅಡುಗೆಮನೆಯ ಬಾಗಿಲಲ್ಲಿ, ಪಾಯಸ ತಿರುವುತ್ತಿರುವ ಒಂದು ಮೊಣಕೈ ಇದೆ. ಆ ಬಳೆ ಅವಳದೇ.

ನನ್ನ ಗಂಡನಿಗೂ ಒಂದು ಸೈಕಲ್ಲಿದೆ. ಅದರ ಬೆಲೆ ನನಗೆ ಹೇಳಿಲ್ಲ, ನಾನೂ ಕೇಳಿಲ್ಲ, ಸಂಸಾರ ನಡೆಯಬೇಕಲ್ಲ! ಅದನ್ನು ಗರಾಜಿನ ಗೋಡೆಗೆ ನೇತುಹಾಕಿ, ಸರಟೋಗಾದ ಗುಡ್ಡ ಹತ್ತುತ್ತೇನೆಂದು ಪ್ರತಿ ಜನವರಿಯಲ್ಲಿ ಹೇಳುತ್ತಾನೆ. ಕಳೆದ ಆಯುಧಪೂಜೆಯ ದಿನ ಚಿಕ್ಕಮ್ಮ ಅದನ್ನು ಕೆಳಗಿಳಿಸಿ, ಅರಿಶಿನ ಕುಂಕುಮ ಬಳಿದು, ಹ್ಯಾಂಡಲ್ಲಿಗೆ ಸೇವಂತಿಗೆ ಸುತ್ತಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದಳು. ಆ ಕೂದಲೆಳೆಯಂಥ ಚಕ್ರಕ್ಕೆ ನಿಂಬೆಹಣ್ಣು ಒಡೆಯುವುದುಂಟೇ? ಅದು ಪುಸಕ್ಕನೆ ಜಾರಿಹೋಯಿತು. ಸೈಕಲ್ಲು ವಾಷಿಂಗ್ ಮೆಷೀನಿನ ಮೇಲೆ ಬಿತ್ತು.

"ಚಿಕ್ಕಮ್ಮಾ, ಇದು ಕಾರ್ಬನ್ನು!" ಎಂದು ಗಂಡ ಕೂಗಿಕೊಂಡ.

"ಕಾರ್ಬನ್ನಿಗೆ ದೃಷ್ಟಿ ತಾಗಲ್ವೇನಪ್ಪಾ?" ಎಂದಳು ಚಿಕ್ಕಮ್ಮ.

ನಮ್ಮ ಹುಡುಗಿ ಬೆಲ್ಜಿಯಮ್ಮಿನ ಕಲ್ಲುಹಾಸಿನ ರಸ್ತೆಯಲ್ಲಿ ಬಿದ್ದು ಹೆಗಲ ಮೂಳೆ ಮುರಿದುಕೊಂಡಾಗ ಚಿಕ್ಕಮ್ಮ ಡಬ್ಬಿ ತುಂಬ ಅಂಟಿನುಂಡೆ ಕಟ್ಟಿ ಹಾಲೆಂಡಿಗೆ ಕಳಿಸು ಎಂದಳು. ವಿಳಾಸವಿಲ್ಲ ಎಂದೆ. "ಅಷ್ಟು ದೊಡ್ಡ ಕಂಪ್ಯೂಟರ್ ಕೆಲಸ, ಒಂದು ಅಡ್ರೆಸ್ ಸಿಗಲ್ವಾ?" ಎಂದು ಮೂತಿ ತಿರುವಿದಳು. ಕೊನೆಗೆ ಆ ಉಂಡೆಗಳನ್ನು ಅವಳ ಹೆಸರಿನಲ್ಲಿ ದಿನಕ್ಕೊಂದರಂತೆ ನನ್ನ ಮಗಳಿಗೆ ತಿನ್ನಿಸಿದಳು. ಅಲ್ಲಿ ಮೂಳೆ ಕೂಡಿಕೊಂಡಿತು. ಇಲ್ಲಿ ನನ್ನ ಮಗಳ ಜೀನ್ಸ್ ಕೂಡಿಕೊಳ್ಳಲಿಲ್ಲ.

ಈ ವರ್ಷ ಸುದ್ದಿ ಬಂತು. ಈ ಸೀಸನ್ನಿನ ಕೊನೆಯ ರೇಸು ಮುಗಿಸಿ ನಮ್ಮ ಹುಡುಗಿ ಸೈಕಲ್ ಬಿಡುತ್ತಾಳೆ. ಚಿಕ್ಕಮ್ಮ ಹುಳಿಗೆ ಉಪ್ಪು ಹಾಕುತ್ತಿದ್ದವಳು ಹಾಗೇ ನಿಂತಳು.

"ಒಂದಾದ್ರೂ ಗೆಲ್ಲದೇನೇ ಬಿಟ್ಬಿಡ್ತಾಳಾ?"

ಮರುದಿನ ನನ್ನನ್ನು ಸನ್ನಿವೇಲಿನ ದೇವಸ್ಥಾನಕ್ಕೆ ಎಳೆದುಕೊಂಡು ಹೋದಳು. ಅರ್ಚನೆ ಯಾರ ಹೆಸರಿಗೆ ಎಂದು ಭಟ್ಟರು ಕೇಳಿದರು. ಚಿಕ್ಕಮ್ಮ ಭಕ್ತಿಯಿಂದ ಹೆಸರನ್ನು ಕ್ಯಾಕರಿಸಿದಳು. ಭಟ್ಟರು ಒಂದು ಹೆಜ್ಜೆ ಹಿಂದೆ ಸರಿದು, "ನಕ್ಷತ್ರ?" ಎಂದರು.

"ಗೊತ್ತಿಲ್ಲ."

"ಗೋತ್ರ?"

"ನಂದೇ ಹೇಳ್ಬಿಡಿ," ಎಂದಳು ಚಿಕ್ಕಮ್ಮ.

ಕಾರಿನಲ್ಲಿ ಕೂತಮೇಲೆ ಹೇಳಿದಳು, ಹರಕೆಯನ್ನೂ ಹೊತ್ತಿದ್ದಾಳಂತೆ. "ಅವಳು ಗೆದ್ರೆ ನಾನು ಸೈಕಲ್ ಹೊಡೀತೀನಿ."

"ಚಿಕ್ಕಮ್ಮ, ಹರಕೆ ಅಂದ್ರೆ ಕಷ್ಟದ್ದು ಮಾಡೋದು. ಇಷ್ಟದ್ದಲ್ಲ."

"ಅವನಿಗೆಲ್ಲಿ ಗೊತ್ತಾಗುತ್ತೆ, ಸುಮ್ನಿರು," ಎಂದು ದೇವಸ್ಥಾನದ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಅವಳು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಮೈಸೂರಿನಲ್ಲಿ, ಚಿಕ್ಕವಳಿದ್ದಾಗ, ತಾತನ ಸೈಕಲ್ಲಿನಲ್ಲಿ ಅರ್ಧ ಪೆಡಲ್ ಹೊಡೆಯುತ್ತಿದ್ದಳಂತೆ. ಸೀಟು ಎಟುಕದ ಮಕ್ಕಳು ಬಾರಿನ ಕೆಳಗೆ ಕಾಲು ತೂರಿಸಿ ಹೊಡೆಯುತ್ತಾರಲ್ಲ, ಹಾಗೆ. ಸೀಟು ಎಟುಕುವಷ್ಟು ಉದ್ದವಾಗುವ ಹೊತ್ತಿಗೆ ಅಜ್ಜಿ ಹಾಸಿಗೆ ಹಿಡಿದಳು. ಎಲ್ಲರೂ "ಅವಳಿದ್ದಾಳಲ್ಲ" ಎಂದರು. ಸ್ಕೂಲು ನಿಂತಿತು, ಸೈಕಲ್ಲು ಸೋದರಮಾವನ ಪಾಲಾಯಿತು. "ನಾನು ಸೀಟ್ ಮೇಲೆ ಕೂತೇ ಇಲ್ಲ ಕಣೇ," ಎಂದಳು. ನನಗೆ ಕಾರು ಸ್ಟಾರ್ಟ್ ಮಾಡಲು ಕೈಬರಲಿಲ್ಲ.

ಕೊನೆಯ ರೇಸಿನ ದಿನ ಮನೆಯವರೆಲ್ಲ ಟಿವಿ ಮುಂದೆ. ತಂಡ ಅಂದು ನಮ್ಮ ಹುಡುಗಿಯನ್ನು ಸ್ವತಂತ್ರವಾಗಿ ಬಿಟ್ಟಿತ್ತು. ನೀರು ತರುವುದು ಬೇಡ, ನಿನ್ನ ಪಾಡಿಗೆ ನೀನು ಹೋಗು ಎಂದು. ಅವಳು ಹೋದಳು! ಎಲ್ಲರನ್ನೂ ಹಿಂದೆ ಹಾಕಿ, ಒಬ್ಬಳೇ. ರಸ್ತೆಯೆಲ್ಲ ಅವಳದು. ಚಿಕ್ಕಮ್ಮ ಸೌಟು ಹಿಡಿದುಕೊಂಡೇ ನಿಂತಿದ್ದಳು. "ಹಿಂದೆ ನೋಡ್ಬೇಡ ಕಣೇ, ಹಿಂದೆ ನೋಡ್ಬೇಡ..." ಮುಕ್ತಾಯದ ಗೆರೆ ಕಣ್ಣಿಗೆ ಕಾಣುತ್ತಿತ್ತು. ಅಷ್ಟರಲ್ಲಿ ಹಿಂದಿನ ಗುಂಪು ರಭಸವಾಗಿ ಬಂತು, ಅವಳ ಎರಡೂ ಪಕ್ಕದಿಂದ ಹಾದುಹೋಯಿತು. ಜಡೆಯವಳು ಗೆದ್ದಳು. ಎರಡೂ ಕೈ ಎತ್ತಿದಳು.

ನಮ್ಮ ಹುಡುಗಿ ನಿಧಾನವಾಗಿ ಬಂದು ಗೆರೆ ದಾಟಿ, ಜಡೆಯವಳ ಬೆನ್ನು ತಟ್ಟಿ ನಕ್ಕಳು.

"ನಗ್ತಾಳಲ್ಲೇ!" ಎಂದಳು ಚಿಕ್ಕಮ್ಮ. ದನಿ ಒಡೆದುಹೋಗಿತ್ತು. "ಅವಳಿಗೂ ಬೇಕಿತ್ತು ಕಣೇ. ಬೇಡ ಅಂತ ಯಾರು ಹುಟ್ತಾರೆ? ಬಾಯಿಬಿಟ್ಟು ಕೇಳಲ್ಲ, ಅಷ್ಟೆ." ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ.

"ನಡಿ ಚಿಕ್ಕಮ್ಮ, ಸೈಕಲ್ ಹೊಡಿ."

"ಗೆಲ್ಲಲಿಲ್ವಲ್ಲ. ಹರಕೆ ಇಲ್ಲ."

"ಹರಕೆ ಗಿರಕೆ ಬೇಡ. ಯಾರಿಗೋಸ್ಕರನೂ ಅಲ್ಲ. ಸುಮ್ನೆ ಹೊಡಿ."

ನಾನು ಅವಳಿಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡಿದೆನೇನೋ ಎಂಬಂತೆ ನನ್ನನ್ನೇ ನೋಡಿದಳು. "ಹುಳಿ ಕುದೀತಿದೆ," ಎಂದಳು. ನಾನು ಒಲೆ ಆರಿಸಿದೆ. ಬಾಗಿಲಲ್ಲಿ ನಿಂತಿದ್ದ ನನ್ನ ಮಗಳು, "ಕಮಾನ್ ಅಜ್ಜಿ, ಟೇಕ್ ಮೈ ಬೈಕ್," ಎಂದಳು.

ಸನ್ನಿವೇಲ್ ಮುಗಿದು ಕೊಲ್ಲಿಯ ನೀರು ಶುರುವಾಗುವಲ್ಲಿ ಒಂದು ದಾರಿಯಿದೆ, ಹಾಲೆಂಡಿನಷ್ಟೇ ಸಪಾಟು. ಚಿಕ್ಕಮ್ಮ ನನ್ನ ಗಂಡನ ಟ್ರ್ಯಾಕ್ ಪ್ಯಾಂಟು ಹಾಕಿ, ಅವನ ಹೆಲ್ಮೆಟ್ಟನ್ನು ತುರುಬಿನ ಮೇಲೆ ಒತ್ತಿ, ಸೀಟಿನ ಮೇಲೆ ಕೂತಳು. ಕೂತು ಸುತ್ತ ನೋಡಿದಳು. "ಎಷ್ಟು ಎತ್ತರ ಇದೆಯಲ್ಲೇ!" ಎಂದಳು. ಮಗಳು ಸೀಟು ಹಿಡಿದು ಓಡಿದಳು. ಸೈಕಲ್ಲು ಆ ಕಡೆ ವಾಲಿತು, ಈ ಕಡೆ ವಾಲಿತು, ನನ್ನ ಗಂಡ ಕಣ್ಣು ಮುಚ್ಚಿಕೊಂಡ. ಆಮೇಲೆ ಮಗಳು ಕೈ ಬಿಟ್ಟಳು. ಸೈಕಲ್ಲು ನೆಟ್ಟಗೆ ಹೋಗುತ್ತಲೇ ಇತ್ತು.

ಎಷ್ಟು ದೂರ ಹೋದಾಳು ಎಂದು ನಾನು ನೀರಿನ ಬಾಟಲಿ ಎತ್ತಿಕೊಂಡು ಹಿಂದೆ ಓಡಿದೆ. ನನಗೆ, ನನ್ನಮ್ಮನಿಗೆ, ನನ್ನ ಮಗಳಿಗೆ ನೀರು ಹಿಡಿದ ಕೈ ಅದು. ಅವಳಿಗೆ ಯಾರಾದರೂ ಎಂದಾದರೂ ಹಿಡಿದದ್ದುಂಟೇ? ಕಣ್ಣು ತುಂಬಿ ದಾರಿ ಮಸುಕಾಯಿತು.

"ಚಿಕ್ಕಮ್ಮಾ, ನೀರು!" ಎಂದು ಕೂಗಿದೆ.

ಅವಳು ತಿರುಗಿ ನೋಡಲಿಲ್ಲ. "ಆಮೇಲೆ ಕಣೇ! ಈಗ ನಿಲ್ಲಲ್ಲ!" ಎಂಬ ಕೂಗು ಮಾತ್ರ ಗಾಳಿಯಲ್ಲಿ ಬಂತು. ನಾನು ಬಾಟಲಿ ಹಿಡಿದುಕೊಂಡು ಅವಳ ಹಿಂದೆ ಓಡುತ್ತಲೇ ಇದ್ದೆ.