ಚೀನಾದ ಕಡುಬು ಮತ್ತು ನನ್ನ ದೇಶಪ್ರೇಮ

ನನಗೆ ಈ ಸಂಸಾರದಲ್ಲಿ ಇದ್ದದ್ದೇ ಒಂದು ಸುಖ. ಬೆಳಗಿನ ಅಕ್ಕಿ ಕಡುಬು. ಹಬೆಯಾಡುವ ಕಡುಬಿನ ಹೊಟ್ಟೆ ಸೀಳಿ ಒಂದು ಮಿಳ್ಳೆ ತುಪ್ಪ ಬಿಟ್ಟು, ಪಕ್ಕದಲ್ಲಿ ಕಾಯಿಚಟ್ನಿ ಇಟ್ಟುಬಿಟ್ಟರೆ, ಕಛೇರಿಯಲ್ಲಿ ಸಂಜೆಯ ತನಕ ಬೈಸಿಕೊಳ್ಳುವ ತ್ರಾಣ ಬಂದುಬಿಡುತ್ತಿತ್ತು. ಆ ಸುಖಕ್ಕೂ ಕಲ್ಲು ಬಿತ್ತು. ಹಾಕಿದವನು ನನ್ನ ಹೆಂಡತಿ ವೇದಾವತಿಯ ತಮ್ಮ ಮಹಾಗಣಪತಿ. (ಹೆಸರು ವಿಘ್ನನಿವಾರಕನದು. ಕೆಲಸ ಪೂರ್ತಿ ತಿರುಗಾಮುರುಗಾ.)

ಅವನು ಕಲಕತ್ತೆಯಲ್ಲಿ ಸಣಬಿನ ಕಂಪನಿಯೊಂದರ ಗುಮಾಸ್ತ. ಅರವತ್ತೆರಡನೇ ಇಸವಿಯ ನವರಾತ್ರಿಗೆ ರಜೆ ಹಾಕಿ ಸಾಗರಕ್ಕೆ ನಮ್ಮ ಮನೆಗೆ ಬಂದ. ಬಂದವನು ಟ್ರಂಕಿನಿಂದ ಅಕ್ಕನಿಗೆ ಸೀರೆ ತೆಗೆಯುತ್ತಾನೆ ಅಂತ ನೋಡಿದರೆ, ತೆಗೆದದ್ದು ಒಂದು ತಗಡಿನ ಡಬ್ಬಿ. ಮುಚ್ಚಳ ಬಿಚ್ಚಿದ. ಮನೆಯೆಲ್ಲ ಹುಳಿ ವಾಸನೆ.

"ಎಂತದೋ ಇದು, ಸತ್ತದ್ದಾ?" ಅಂದೆ.

"ಸತ್ತಿಲ್ಲ ಭಾವ, ಜೀವ ಇದೆ. ಮೊಸರಿಗೆ ಹೆಪ್ಪು ಇದ್ದ ಹಾಗೆ ಇದು. ಪಕ್ಕದ ಮನೆ ಚೀನಾದ ಅಜ್ಜಿ ಕೊಟ್ಟಿದ್ದು. ಇದನ್ನ ಮೈದಾಕ್ಕೆ ಕಲಸಿಟ್ಟು ಬೇಯಿಸಿದ್ರೆ ಅವರ ಕಡುಬು ಆಗ್ತದೆ. ಅವರಿಗೆ ದಿನಾ ಬೆಳಿಗ್ಗೆ ಅದೇ ತಿಂಡಿ."

ಮಾರನೇ ದಿನದಿಂದ ನಮಗೂ ಅದೇ ತಿಂಡಿ! ವೇದಾವತಿಗೆ ಸ್ವರ್ಗ ಮೂರೇ ಗೇಣು. "ಅಕ್ಕಿ ತರಿ ಬೀಸೋದು ಬೇಡ, ಬಿಸಿ ಹಿಟ್ಟು ನಾದಿ ಅಂಗೈ ಸುಟ್ಟುಕೊಳ್ಳೋದು ಬೇಡ. ತಮ್ಮನೇ ಎದ್ದು ಎಲ್ಲಾ ಮಾಡ್ತಾನೆ. ಹದಿನೈದು ವರ್ಷದಲ್ಲಿ ನೀವು ಒಂದು ದಿನ ಒಲೆ ಮುಂದೆ ಕೂತಿದೀರಾ?" ನಾನು ತಟ್ಟೆ ಎಳೆದುಕೊಂಡು ಕೂತೆ.

ಆ ಪದಾರ್ಥ ನೋಡಲು ಬೆಳ್ಳಗೆ, ಉಬ್ಬಿಕೊಂಡು, ಒತ್ತಿದರೆ ತಗ್ಗಿ ಬಿಟ್ಟರೆ ಏಳುತ್ತಿತ್ತು. ರುಚಿ ಅಂತ ಏನೂ ಇಲ್ಲ. ಮಹಾಗಣಪತಿ ಅದನ್ನು ಕಾಫಿಯಲ್ಲಿ ಅದ್ದಿ ಸೊರ್ ಅಂತ ಎಳೆಯುತ್ತಿದ್ದ. ವೇದಾವತಿ ಎರಡೂ ಕೈಯಲ್ಲಿ ಹಿಡಿದು, ಮೊದಲು ಕೆನ್ನೆಗೆ ಒತ್ತಿಕೊಂಡು ಬಿಸಿ ಅನುಭವಿಸಿ, ಆಮೇಲೆ ಚೂರು ಚೂರೇ ಮುರಿದು ತಿನ್ನುತ್ತಿದ್ದಳು. ನನ್ನದು ಬೇರೆ ಕ್ರಮ. ಅದರ ಮೇಲೆ ಹಾಲಿನ ಕೆನೆಯಂಥ ತೆಳು ಸಿಪ್ಪೆ ಇರುತ್ತದೆ. ನಾನು ಅದನ್ನು ಹರಿಯದಂತೆ ಸುತ್ತಲೂ ಸುಲಿದು ಪಕ್ಕಕ್ಕಿಟ್ಟು, ಉಳಿದದ್ದನ್ನು ದಿಟ್ಟಿಸಿ ನೋಡಿ, ಒಂದು ನಿಟ್ಟುಸಿರು ಬಿಟ್ಟು, ಔಷಧಿಯಂತೆ ನುಂಗುತ್ತಿದ್ದೆ. ಕೊನೆಗೆ ಸಿಪ್ಪೆಗೆ ತುಪ್ಪ ಸವರಿ ಸುರುಳಿ ಸುತ್ತಿ ಬಾಯಿಗೆ ಹಾಕುತ್ತಿದ್ದೆ. ಅಷ್ಟೇ ನನಗೆ ಉಳಿದಿದ್ದ ಸಮಾಧಾನ.

"ಸುಲಿಯೋಕೆ ಅದೇನು ಬಾಳೆಹಣ್ಣೇನ್ರೀ? ಅದರ ಮೇಲೆ ಆ ನಿಟ್ಟುಸಿರು ಬೇರೆ! ನೋಡಿದವರು ತಿಥಿ ಊಟ ಅಂದ್ಕೊಳ್ಬೇಕು."

"ನನ್ನ ಕಡುಬಿನ ತಿಥಿಯೇ ಕಣೇ ಇದು," ಅಂದೆ. ಅವಳು ಲೋಟ ಕುಕ್ಕಿದಳು.

ಅಷ್ಟರಲ್ಲಿ ಗಡಿಯಲ್ಲಿ ಚೀನಾದ ಜೊತೆ ಯುದ್ಧ ಶುರುವಾಯಿತು. ಪೇಟೆಯಲ್ಲಿ ರೇಡಿಯೋ ಇದ್ದ ಅಂಗಡಿಯ ಮುಂದೆ ಜನ ಸುದ್ದಿಗೆ ಕಿವಿಗೊಟ್ಟು ನಿಲ್ಲುತ್ತಿದ್ದರು. ಹೆಂಗಸರು ಕೈಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಡುತ್ತಿದ್ದರು. ಊರಿಗೆ ಊರೇ ಸಪ್ಪಗಾಗಿತ್ತು. ನನಗೂ ಸಂಕಟವಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಸಂಕಟದ ನಡುವೆಯೂ ನನ್ನ ಹಾಳು ಹೊಟ್ಟೆಗೆ ಒಂದು ಉಪಾಯ ಹೊಳೆಯಿತು.

ಮರುದಿನ ಬೆಳಿಗ್ಗೆ ತಟ್ಟೆ ದೂಡಿ ಎದ್ದು ನಿಂತು ಘೋಷಿಸಿದೆ: "ಅಲ್ಲಿ ಹಿಮದಲ್ಲಿ ನಮ್ಮ ಹುಡುಗರು ಪ್ರಾಣ ಕೊಡ್ತಿರುವಾಗ ಇಲ್ಲಿ ಶತ್ರುವಿನ ತಿಂಡಿಯೇ? ಥೂ! ಬೇಕಾದರೆ ದೇಶಕ್ಕಾಗಿ ಹಸಿದುಕೊಂಡೇ ಇರ್ತೀನಿ, ಇದನ್ನ ಮಾತ್ರ ಮುಟ್ಟಲಾರೆ!"

ಮಹಾಗಣಪತಿಯ ಮುಖ ಬಾಡಿತು. "ನನಗೆ ಜ್ವರ ಬಂದಾಗ ಆ ಅಜ್ಜಿ ಇದನ್ನೇ ಗಂಜಿಯಲ್ಲಿ ಕಿವುಚಿ ತಿನ್ನಿಸಿದ್ಲು ಭಾವ. ಅವಳು ಹುಟ್ಟಿದ್ದು ಕಲಕತ್ತೆಯಲ್ಲೇ. ಈಗ ಯಾರು ಕಲ್ಲು ಹೊಡೀತಾರೋ ಅಂತ ಬಾಗಿಲು ಹಾಕ್ಕೊಂಡು ಕೂತಿರ್ತಾಳೆ," ಅಂದವನು ಕಾಫಿಯನ್ನೂ ಕುಡಿಯದೆ ಎದ್ದು ಹೋದ. ನನಗೆ ನಿಂತಲ್ಲೇ ಮುಳ್ಳು ಚುಚ್ಚಿದಂತಾಯಿತು. ಆದರೆ ಭಾಷಣ ಮಾಡಿದ ಮೇಲೆ ಹಿಂದೆ ಬರುವುದು ಹೇಗೆ?

ವೇದಾವತಿ ನನ್ನನ್ನೇ ನೋಡುತ್ತಿದ್ದಳು. "ಹಸಿದುಕೊಂಡೇ ಇರ್ತೀರಾ?"

"ಇರ್ತೀನಿ!" (ಈಗ 'ಅಯ್ಯೋ ಬೇಡಿ, ಅಕ್ಕಿ ಕಡುಬು ಮಾಡ್ತೀನಿ' ಅನ್ನುತ್ತಾಳೆ ಅಂತ ಕಾದೆ.)

"ಸಂತೋಷ," ಅಂದು ಸೆರಗು ಸಿಕ್ಕಿಸಿಕೊಂಡು ನೇರ ಮಹಿಳಾ ಸಮಾಜದ ನಾಗರತ್ನಮ್ಮನವರ ಮನೆಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ನಾನು ಊರಿನ ಮಹಾತ್ಯಾಗಿ. ಜವಾನರು ಮನೆಗೆ ಮರಳುವ ತನಕ ನನ್ನ ಬೆಳಗಿನ ತಿಂಡಿ ಬಂದ್. ಆ ಪಾಲಿನ ಅಕ್ಕಿ ಮಹಿಳಾ ಸಮಾಜದ ಡಬ್ಬಕ್ಕೆ! ಸಂಜೆ ಸಭೆಯಲ್ಲಿ ನಾಗರತ್ನಮ್ಮನವರು ಹಾರ ಹಾಕಿ, "ಗಂಡಸು ಅಂದ್ರೆ ಇವರು," ಅಂದರು. ಚಪ್ಪಾಳೆ ಬಿತ್ತು. ಹೊಟ್ಟೆಗೆ ಮಾತ್ರ ಏನೂ ಬೀಳಲಿಲ್ಲ. ಕದ್ದು ತಿನ್ನೋಣವೆಂದು ಬೆಳಿಗ್ಗೆ ಹೋಟೆಲಿಗೆ ಹೋದರೆ, ಭಟ್ಟರು ಎರಡೂ ಕೈ ಮುಗಿದರು. "ಬೇಡಿ ಮಾರಾಯ್ರೆ. ನಿಮ್ಮ ವ್ರತ ಕೆಡಿಸಿದ ಪಾಪ ನನಗೆ ಬೇಡ." ಒಂದು ಲೋಟ ನೀರು ಕೊಟ್ಟರು.

ಕೊನೆಗೆ ಯುದ್ಧ ನಿಂತಿತು. ನನ್ನ ವ್ರತ ನಿಲ್ಲಲಿಲ್ಲ. ಜವಾನರು ಇನ್ನೂ ಮನೆಗೆ ಬಂದಿಲ್ಲವಲ್ಲ! ಆ ಅಜ್ಜಿಯನ್ನು ನೋಡಬೇಕೆಂದು ಮಹಾಗಣಪತಿ ಕಲಕತ್ತೆಗೆ ಹೊರಟ. ಹೊರಡುವ ದಿನ ಬೆಳಿಗ್ಗೆ, ದಾರಿಗಿರಲಿ ಎಂದು, ನನ್ನ ಭಾಷಣದ ನಂತರ ಮೊದಲ ಸಲ ಅದೇ ಕಡುಬು ಬೇಯಿಸಿದ. ಹಬೆಯ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ವೇದಾ, ಒಂದೇ ಒಂದು ಕೊಡೇ," ಅಂದೆ.

"ಶತ್ರುವಿನ ತಿಂಡಿ?"

"ಪಾಪ, ಅಜ್ಜಿ ಯಾರಿಗೆ ಶತ್ರು? ಮಹಾಗಣಪತಿ, ಅವತ್ತು ನಾನು ಹಾಗೆ ಅನ್ನಬಾರದಿತ್ತು ಕಣೋ."

ಅವನು ದೊಡ್ಡದೊಂದನ್ನು ನನ್ನ ಕೈಗಿಟ್ಟ. ಸುಲಿಯಲಿಲ್ಲ, ದಿಟ್ಟಿಸಲಿಲ್ಲ, ನಿಟ್ಟುಸಿರು ಬಿಡಲಿಲ್ಲ. ಇಡೀ ಕಡುಬನ್ನು ಬಾಯಿಗೆ ತುರುಕಿದೆ. ಅದೇ ಗಳಿಗೆಗೆ ಹಿತ್ತಿಲ ಬಾಗಿಲಿನಿಂದ ಅಕ್ಕಿಯ ಡಬ್ಬ ಹಿಡಿದು ನಾಗರತ್ನಮ್ಮನವರ ಪ್ರವೇಶ! ನನ್ನ ಎರಡೂ ಕೆನ್ನೆ ಉಬ್ಬಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಅಯ್ಯೋ, ಇವರಿಗೇನಾಯ್ತು ವೇದಾವತಿ?"

"ಹಲ್ಲುನೋವು," ಅಂದಳು ನನ್ನ ಧರ್ಮಪತ್ನಿ, ಕಣ್ಣು ಮಿಟುಕಿಸದೆ.

"ಛೆ ಛೆ! ಹಾಗಾದ್ರೆ ಊಟಾನೂ ಕೊಡಬೇಡ ಕಣೇ. ಬಾವು ಇಳಿಯೋ ತನಕ ಬರೀ ಗಂಜಿ ತಿಳಿ ಸಾಕು. ನಾನೇ ದಿನಾ ಬಂದು ನೋಡ್ತೀನಿ."

ಅವರು ಹೋದರು. ಮಹಾಗಣಪತಿಯೂ ಡಬ್ಬಿ ಸಮೇತ ಬಸ್ಸು ಹತ್ತಿದ. ಪಾತ್ರೆಯಲ್ಲಿ ಒಂದು ಕಡುಬು ಉಳಿದಿತ್ತು. ವೇದಾವತಿ ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತು, ಅದರ ಸಿಪ್ಪೆಯನ್ನು ಹರಿಯದಂತೆ ಸುತ್ತಲೂ ಸುಲಿದು, ತುಪ್ಪ ಸವರಿ, ಸುರುಳಿ ಸುತ್ತಿ ಬಾಯಿಗೆ ಹಾಕಿಕೊಂಡಳು.

"ಹೌದಲ್ರೀ," ಅಂದಳು, "ನೀವು ಮಾಡ್ತಿದ್ದದ್ದೇ ಸರಿ. ಸಿಪ್ಪೇನೇ ರುಚಿ."