ಹ್ಮಾಂಗ್ ಅಜ್ಜಿಗೆ ಚೀನೀ ನಮಸ್ಕಾರ

ಮನೆಯ ಯಜಮಾನ ಎನಿಸಿಕೊಂಡವನಿಗೆ ಸಿಟ್ಟು ಮಾಡಲು ಒಂದು ಭಾಷೆಯಾದರೂ ಇರಬೇಕು. ನನಗೆ ಅದೂ ಇಲ್ಲ. ನಾನು ಗದಗಿನ ಕಡೆಯವನು, ಹೆಂಡತಿ ವಾರಿಜ ಉಡುಪಿಯವಳು. ಇಬ್ಬರೂ ಡೊಂಬಿವಲಿಯಲ್ಲೇ ಓದಿ, ಇಲ್ಲೇ ಮೆಚ್ಚಿ ಮದುವೆಯಾದವರು. ನಾನು ಕೂಗಾಡಿದರೆ ಅವಳಿಗೆ ನಗು ಬರುತ್ತದೆ. ನಮ್ಮ ಕಡೆಯ ಮಾತು ಅವಳ ಕಿವಿಗೆ ನಾಟಕದ ಮಾತಿನಂತೆ ಕೇಳುತ್ತದಂತೆ. ಅವಳು ಕೂಗಾಡಿದರೆ ತುಳುವಿನಲ್ಲಿ, ಅದು ನನಗೆ ಅರ್ಥವಾಗುವುದಿಲ್ಲ. ಮಗಳು ಮೇಘನಾ ತಾಯಿಯೊಡನೆ ತುಳು ಆಡುತ್ತಾಳೆ, ನನ್ನೊಡನೆ ಹಿಂದಿ. ಸಿಟ್ಟು ಬಂದಾಗ ಮರಾಠಿ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ಹೀಗೆಯೇ ಅವಳು ಬೆಳೆದು, ಫಿಸಿಯೋಥೆರಪಿ ಓದಿ, ನವಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿ, ಕಳೆದ ವರ್ಷ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ತರಬೇತಿಗೆಂದು ಹೋದಳು.

ಅಲ್ಲಿಂದ ಒಂದು ದಿನ ವೀಡಿಯೋ ಕಾಲ್ ಮಾಡಿ, ಜೊತೆಗೆ ಕೆಲಸ ಮಾಡುವ ಹುಡುಗನನ್ನು ಮದುವೆಯಾಗುವುದಾಗಿ ಹೇಳಿದಳು. ಹುಡುಗನೂ ಪರದೆಗೆ ಬಂದು ಕೈಮುಗಿದ. ತಂದೆತಾಯಿ ಇಲ್ಲದ ಅವನನ್ನು ಸಾಕಿದ್ದು ಅಜ್ಜಿಯಂತೆ. ಆ ಅಜ್ಜಿ ನಮ್ಮ ಮನೆಗೆ ಬಂದು, ನಮ್ಮನ್ನು ಕಂಡು, ಒಪ್ಪಿದರೆ ಮಾತ್ರ ಮದುವೆ. "ಯಾವ ಮಂದಿ ಅವ್ರು?" ಎಂದು ಕೇಳಿದೆ. ಅವಳು "ಹ್ಮಾಂಗ್" ಎಂದಳು. ನೆಟ್‌ವರ್ಕ್ ಎಂದಿನಂತೆ ಕೈಕೊಟ್ಟಿತ್ತು. ನನಗೆ ಕೇಳಿಸಿದ್ದು "ಹಾಂಗ್". ಮುಂದಿನ "ಕಾಂಗ್" ನಾನೇ ಸೇರಿಸಿಕೊಂಡೆ. ಹುಡುಗನ ಮುಖವೂ ಅದಕ್ಕೆ ಅಡ್ಡಿ ಹೇಳಲಿಲ್ಲ. ಅಂದೇ ನಿಶ್ಚಯಿಸಿದೆ: ಬೀಗರನ್ನು ಅವರ ಭಾಷೆಯಲ್ಲೇ ಬರಮಾಡಿಕೊಳ್ಳಬೇಕು. ಹೆಂಡತಿಯ ಭಾಷೆ ಕಲಿಯದವನು ಅಳಿಯನ ಭಾಷೆಯನ್ನಾದರೂ ಕಲಿತ ಎಂಬ ಹೆಸರು ಬರಲಿ.

ಮೊಬೈಲಿನಲ್ಲಿ ಚೀನೀ ಕಲಿಸುವ ಆ್ಯಪ್ ಹಾಕಿಕೊಂಡೆ. ಠಾಣೆಯ ಪಂಪು ಕಂಪನಿಗೆ ದಿನವೂ ಲೋಕಲ್‌ನಲ್ಲಿ ಹೋಗಿಬರುವ ಹೊತ್ತೇ ನನ್ನ ಪಾಠಶಾಲೆ. ಚೀನೀ ಭಾಷೆಯಲ್ಲಿ ಸ್ವರದ ಏರಿಳಿತ ನಾಲ್ಕು ಬಗೆ. "ಮಾ" ಎಂಬುದನ್ನು ಮೇಲೆಯೇ ನಿಲ್ಲಿಸಿದರೆ ತಾಯಿ, ಏರಿಸಿದರೆ ಸೆಣಬು, ಇಳಿಸಿ ಏರಿಸಿದರೆ ಕುದುರೆ, ಒಮ್ಮೆಲೇ ಬೀಳಿಸಿದರೆ ಬೈಗುಳ. ದಿವಾ, ಮುಂಬ್ರಾ, ಕಳವಾ ದಾಟುತ್ತ, ಎರಡು ಬೆನ್ನುಗಳ ನಡುವೆ ಸಿಕ್ಕಿಕೊಂಡು, ನಾನು ತಾಯಿಯಿಂದ ಕುದುರೆಗೆ, ಕುದುರೆಯಿಂದ ಬೈಗುಳಕ್ಕೆ ಹೋಗುವುದನ್ನು ಅಭ್ಯಾಸ ಮಾಡಿದೆ. ಪಕ್ಕದಲ್ಲಿದ್ದವರೊಬ್ಬರು ನೀರಿನ ಬಾಟಲಿ ಚಾಚಿ, "ಕಾಕಾ, ತಬ್ಯೇತ್ ಠೀಕ್ ಆಹೇ ನಾ?" ಎಂದು ಮರಾಠಿಯಲ್ಲಿ ನನ್ನ ಆರೋಗ್ಯ ವಿಚಾರಿಸಿದರು. ಇನ್ನೊಬ್ಬರು ಎದ್ದು ಕಿಟಕಿ ಪಕ್ಕದ ಸೀಟನ್ನೇ ಕೊಟ್ಟರು. ಚೀನೀ ಕಲಿತದ್ದರಿಂದ ನನಗಾದ ಲಾಭ ಅದೊಂದೇ.

ಅವರು ಬಂದ ದಿನ ಬಾಗಿಲು ತೆರೆದವನು ನಾನೇ. ಮಗಳು, ಅವಳ ಹಿಂದೆ ಹುಡುಗ, ಅವನ ತೋಳು ಹಿಡಿದ ಪುಟ್ಟ ಅಜ್ಜಿ. ಅಜ್ಜಿ ಕಸೂತಿಯ ಅಂಚಿನ ಕಪ್ಪು ರವಿಕೆ ತೊಟ್ಟು, ಮೂರು ಮಹಡಿಯ ಮೆಟ್ಟಿಲು ಹತ್ತಿ ಬಂದರೂ ಏದುಸಿರು ಬಿಡದೆ ನಿಂತಿದ್ದರು. ನಾನು ಸೊಂಟ ಬಗ್ಗಿಸಿ, ಧ್ವನಿ ತೆಗೆದು, "ನೀ ಹಾವ್!" ಎಂದೆ. ಚೀನೀಯರ ನಮಸ್ಕಾರ ಅದು.

ಒಳಗಿನಿಂದ ಆರತಿ ತಟ್ಟೆ ಹಿಡಿದು ಬರುತ್ತಿದ್ದ ವಾರಿಜ ಅಲ್ಲೇ ನಿಂತಳು. "ಎಂತ ಮಾರಾಯ್ರೆ, ಮನೆಗೆ ಬಂದವರಿಗೆ ನೀ ಹಾವು ಅಂತ ಹೇಳ್ಲಿಕ್ಕುಂಟಾ?"

ಅಜ್ಜಿಯ ಮುಖ ಅವಳ ಮುಖಕ್ಕಿಂತ ಬಿಗಿಯಾಯಿತು. ಅವರು ಮೊಮ್ಮಗನ ಕಡೆ ತಿರುಗಿ ಏನೋ ಒಂದೇ ಮಾತು ಹೇಳಿದರು. ಮಗಳು ನನ್ನನ್ನು ಅಡುಗೆಮನೆಗೆ ಎಳೆದೊಯ್ದು, "ಪಪ್ಪಾ, ಯೇ ಕ್ಯಾ ಕಿಯಾ! ವೋ ಚೈನೀಸ್ ನಹೀಂ ಹೈ!" ಎಂದಳು. ಅವರು ಚೀನೀಯರೇ ಅಲ್ಲವಂತೆ. ಆಮೇಲೆ ಸಣ್ಣ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಹ್ಮಾಂಗ್ ಜನ ಬಹು ಹಿಂದೆ ಚೀನಾದಲ್ಲೇ ಇದ್ದವರು. ಅಲ್ಲಿನ ಅರಸರ ಸೈನ್ಯಕ್ಕೆ ಸೋತು, ಬೆಟ್ಟದಿಂದ ಬೆಟ್ಟಕ್ಕೆ ಸರಿಯುತ್ತ ಹಲವರು ದಕ್ಷಿಣಕ್ಕೆ ಬಂದರು. ಆ ಕತೆ ಕೇಳುತ್ತಲೇ ಅಜ್ಜಿ ಬೆಳೆದದ್ದು. ಅವರ ಊರಿಗೆ ಹೇಸರಗತ್ತೆಗಳ ಮೇಲೆ ಸರಕು ತರುತ್ತಿದ್ದ ವ್ಯಾಪಾರಿಗಳು ಅಜ್ಜಿಯ ಅಪ್ಪನನ್ನು ಗದರಿಸುತ್ತಿದ್ದದ್ದೂ ಚೀನೀ ಭಾಷೆಯಲ್ಲೇ. ಮೊಮ್ಮಗನಿಗೆ ಹೆಣ್ಣು ನೋಡಲು ಸಮುದ್ರ ದಾಟಿ ಬಂದರೆ, ಬಾಗಿಲಲ್ಲೇ ಅದೇ ಭಾಷೆ. "ಅಜ್ಜಿ ಏನಂದ್ರು?" ಎಂದೆ. ಇಲ್ಲಿಗೂ ಆ ಚೀನೀಯರು ಬಂದಿದ್ದಾರಾ ಎಂದು ಕೇಳಿದರಂತೆ.

ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ನೆಲವೆಂದರೆ ಮೂರನೆಯ ಮಹಡಿಯದು, ಬಾಯಿಬಿಟ್ಟರೂ ಕೆಳಗಿನ ಕುಲಕರ್ಣಿಯವರ ನಡುಮನೆಗೇ ಬೀಳಬೇಕು. ಆ ಕುಲಕರ್ಣಿಯವರು ಪ್ರತಿ ದೀಪಾವಳಿಗೆ ಫರಾಳದ ತಿಂಡಿ ಕೊಡಲು ಬಂದಾಗ, "ವಹಿನಿ, ತುಳು ಮ್ಹಣಜೇ ಕನ್ನಡಚ್ ನಾ?" ಎಂದು ಕೇಳುತ್ತಾರೆ. ತುಳು ಅಂದರೆ ಕನ್ನಡವೇ ಅಲ್ಲವೇ ಎಂದು. ಆಗ ವಾರಿಜಳ ಮುಖ ಹೇಗಾಗುತ್ತದೆಂದು ನಾನು ಬಲ್ಲೆ. ಅಂಥ ಮುಖವನ್ನು ಈಗ ಅಜ್ಜಿಗೆ ನಾನೇ ತರಿಸಿದ್ದೆ.

ಹುಡುಗ ಒಳ್ಳೆಯವನು. ಊಟವಾದ ಮೇಲೆ ನನ್ನ ಪಕ್ಕ ಸೋಫಾದಲ್ಲಿ ಕುಳಿತು, ತಪ್ಪು ಯಾರಿಗಾದರೂ ಆಗುವಂಥದ್ದೇ ಎಂದು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದ. ಎರಡೂ ಭಾಷೆಗಳು ಬಹುಕಾಲ ನೆರೆಹೊರೆಯಾಗಿದ್ದವು, ಹ್ಮಾಂಗ್ ಬೇಕಾದಷ್ಟು ಚೀನೀ ಪದಗಳನ್ನು ತೆಗೆದುಕೊಂಡಿದೆ. ಆದರೆ ರಕ್ತಸಂಬಂಧವಿಲ್ಲ, ಕುಟುಂಬವೇ ಬೇರೆ ಎಂದ. ಎರಡರಲ್ಲೂ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ: ನಿನ್ನೆಯೂ "ಹೋಗು", ನಾಳೆಯೂ "ಹೋಗು". ಚೀನೀಯರು "ದೊಡ್ಡ ಮನೆ" ಎಂದರೆ ಹ್ಮಾಂಗರು "ಮನೆ ದೊಡ್ಡ" ಎನ್ನುತ್ತಾರೆ. ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಕೂತು ಕೇಳುವಾಗ ಆ ಉದಾಹರಣೆ ಯಾವ ಭಾಷೆಯಲ್ಲೂ ಹೊಂದುವಂತಿರಲಿಲ್ಲ. ಇನ್ನು ಸ್ವರಗಳು? ಚೀನೀಯಲ್ಲಿ ನಾಲ್ಕಾದರೆ ಇವರಲ್ಲಿ ಏಳೋ ಎಂಟೋ. ಅದರ ಬಗ್ಗೆ ಇನ್ನೂ ವಾದವಿದೆಯಂತೆ. ಬರೆಯುವಾಗ ಪದದ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇಡುತ್ತಾರೆ. ಅದನ್ನು ಓದಬಾರದು, ಅದು ಸ್ವರದ ಗುರುತು ಮಾತ್ರ. ಆಗ ನನಗೆ ನನ್ನ ಇನ್ನೊಂದು ತಪ್ಪು ಹೊಳೆಯಿತು. ಹುಡುಗನ ಹೆಸರನ್ನು ಮಗಳು ವಾಟ್ಸ್ಆ್ಯಪ್‌ನಲ್ಲಿ ಟಿ, ಯು, ಬಿ ಎಂದು ಬರೆದು ಕಳಿಸಿದ್ದಳು. ಅದು ಬರೀ "ತೂ". ನಾನು ಗದಗಿನ ನೆಂಟರಿಗೆಲ್ಲ ಅಳಿಯನ ಹೆಸರು ಟಬ್ ಎಂದು ಹೇಳಿಬಿಟ್ಟಿದ್ದೆ. ಅವರು ಮರುಪ್ರಶ್ನೆ ಕೇಳಿರಲಿಲ್ಲ. ಅಂಥ ಸಂಬಂಧಕ್ಕೆ ಅಂಥ ಹೆಸರೇ ಇರಬೇಕು ಎಂದುಕೊಂಡಿರಬೇಕು.

ಮರುದಿನ ಬೆಳಿಗ್ಗೆ ತಪ್ಪು ತಿದ್ದಿಕೊಳ್ಳಲು ಹೊರಟೆ. ಅಜ್ಜಿಗೆ ಅವರ ಮಾತಿನಲ್ಲಿ "ಪೊ" ಎನ್ನಬೇಕೆಂದು ತೂ ಹೇಳಿಕೊಟ್ಟಿದ್ದ. ಉಸಿರು ಬೆರೆಸಿ, ಕೆಳಗಿಳಿಸಿ ಹೇಳಬೇಕು. ವಾರಿಜ ನೀರುದೋಸೆ ಬಡಿಸುತ್ತಿದ್ದಳು. ನಾನು ಚಟ್ನಿಯ ಬಟ್ಟಲು ಮುಂದಿಟ್ಟು, ಇದ್ದಬದ್ದ ಗೌರವವನ್ನೆಲ್ಲ ಸೇರಿಸಿ, "ಪೊ" ಎಂದೆ. ಅಜ್ಜಿ ಬೆಚ್ಚಿ, ಎಡಗಾಲೆತ್ತಿ ಅಂಗಾಲು ನೋಡಿಕೊಂಡರು. ಆಮೇಲೆ ಬಲಗಾಲು. ನಾನು ಇನ್ನೊಮ್ಮೆ, ಇನ್ನಷ್ಟು ಭಕ್ತಿಯಿಂದ "ಪೊ" ಎಂದೆ. ಅವರು ಕುರ್ಚಿಯಿಂದೆದ್ದು ನೆಲ ಹುಡುಕತೊಡಗಿದರು. ಸ್ವರ ತಪ್ಪಿದ ನನ್ನ "ಪೊ" ಅವರ ಭಾಷೆಯಲ್ಲಿ ಅಜ್ಜಿಯ ಬದಲು ಮುಳ್ಳಾಗಿತ್ತು. ವಾರಿಜ ಏನೂ ಕೇಳದೆ ಒಳಗೆ ಓಡಿ, ಮುಳ್ಳು ತೆಗೆಯಲು ಸೂಜಿ ತಂದಳು.

ಅಜ್ಜಿಗೆ ಹ್ಮಾಂಗ್ ಭಾಷೆಯಲ್ಲೇ ಬಿಡಿಸಿ ಹೇಳಿದವಳು ಮಗಳು. ಅದನ್ನು ಕೇಳುತ್ತ ನಾನು ತಿನ್ನುವುದನ್ನು ಮರೆತೆ. ಅವಳ ದನಿ ಏರುತ್ತಿತ್ತು, ಇಳಿಯುತ್ತಿತ್ತು, ಗಂಟಲಲ್ಲಿ ಒಂದೆಡೆ ತಟ್ಟನೆ ನಿಲ್ಲುತ್ತಿತ್ತು. ಅಜ್ಜಿ ಮೊದಲ ಸಲ ನಕ್ಕರು. ಅವಳ ಕೆನ್ನೆ ತಟ್ಟಿದರು. ಹುಟ್ಟಿದಾಗಿನಿಂದ ಕೇಳಿದ ನನ್ನ ಮಗಳ ದನಿಯಲ್ಲಿ ಇಷ್ಟೊಂದು ಮೆಟ್ಟಿಲುಗಳಿವೆಯೆಂದು ನನಗೆ ಗೊತ್ತಿರಲಿಲ್ಲ.

ನಾನು ಎದ್ದು ಬಾಲ್ಕನಿಗೆ ಹೋದೆ. ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸುತ್ತಿತ್ತು. ಕಣ್ಣುರಿದರೆ ಹೇಳಿಕೊಳ್ಳಲು ಡೊಂಬಿವಲಿಯಲ್ಲಿ ಅದೊಂದು ಅನುಕೂಲವಿದೆ. ಮಗಳು ಹಿಂದೆಯೇ ಬಂದಳು.

"ಎಂಟು ಸ್ವರದ ಭಾಷಾ ಒಂದ ವರ್ಷದಾಗ ಕಲ್ತಿ," ಎಂದೆ. "ನಂದು ಸಾದಾ ಸೀದಾ ಇತ್ತಲ್ಲವಾ. ಹೆಂಗ ಅಂದ್ರೂ ತಾಯಿ ತಾಯಿನೇ, ಕುದುರಿ ಕುದುರಿನೇ. ಅದ್ಯಾಕ ಬರಲಿಲ್ಲ?"

ಅವಳು ಕಟಕಟೆಗೆ ಒರಗಿದಳು. "ವಹಾಂ ನಹೀಂ ಬೋಲತೀ ತೋ ಪೊ ಸಮಝತೀ ನಹೀಂ, ಪಪ್ಪಾ. ಆಪ್ ತೋ ಸಬ್ ಸಮಝ ಲೇತೇ ಹೋ."

ಅಲ್ಲಿ ಅವರ ಭಾಷೆ ಆಡದಿದ್ದರೆ ಅಜ್ಜಿಗೆ ತಿಳಿಯುವುದಿಲ್ಲ; ನೀವಾದರೆ ಹೇಗೆ ಹೇಳಿದರೂ ತಿಳಿದುಕೊಳ್ಳುತ್ತೀರಲ್ಲ. ಪ್ರೀತಿಯಿಂದಲೇ ಹೇಳಿದಳು. ಅದು ಹೊಗಳಿಕೆಯೋ ತೀರ್ಪೋ ಎಂದು ಯೋಚಿಸುವಷ್ಟರಲ್ಲಿ ಒಳಗಿನಿಂದ ತಾಯಿ ತುಳುವಿನಲ್ಲಿ ಕರೆದಳು. ಮಗಳು ತುಳುವಿನಲ್ಲಿ ಓಗೊಟ್ಟು ಹೋದಳು.

ಹೊರಡುವ ದಿನ ಅಜ್ಜಿ ಚೀಲದಿಂದ ಬಿಳಿ ದಾರದ ಉಂಡೆ ತೆಗೆದರು. ಮಣಿಕಟ್ಟಿಗೆ ದಾರ ಕಟ್ಟುವುದು ಅವರಲ್ಲಿ ಆಶೀರ್ವಾದ. ಜೀವ ದಿಕ್ಕುತಪ್ಪಿ ಅಲೆಯದಂತೆ ದೇಹಕ್ಕೆ ಕಟ್ಟಿಹಾಕುವುದಂತೆ. ಮೇಘನಾಗೆ ಕಟ್ಟಿದರು, ವಾರಿಜಳಿಗೆ ಕಟ್ಟಿದರು. ಅಂದರೆ ಒಪ್ಪಿಗೆಯಾಯಿತು. ವಾರಿಜ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಸರದಿ ಬಂದಾಗ ಅಜ್ಜಿ ನನ್ನ ಕೈ ಹಿಡಿದು, ಮುಖವನ್ನೇ ನೋಡುತ್ತ, ಮೊಮ್ಮಗನಿಗೆ ಉದ್ದಕ್ಕೆ ಏನೋ ಹೇಳಿದರು. ತೂ ಕೆಂಪಾಗಿ ಮಗಳ ಮುಖ ನೋಡಿದ.

"ಏನಂತವ್ವಾ?" ಎಂದೆ.

ಮಗಳು ನಗು ತಡೆಯುತ್ತ ಹಿಂದಿಯಲ್ಲಿ ಹೇಳಿದ್ದರ ಸಾರ ಇಷ್ಟು. ತಾಯಿ ಮಗಳ ಮಾತಿನ ರಾಗ ಒಂದೇ, ಅವರು ಒಂದು ಮನೆಯವರು ಎಂದು ಅಜ್ಜಿಗೆ ಮೊದಲ ದಿನವೇ ತಿಳಿಯಿತಂತೆ. ಈ ಗಂಡಸಿನ ರಾಗ ಮಾತ್ರ ಬೇರೆ. ಪಾಪ, ಇವನು ಯಾವ ದೇಶದವನು? ಇಲ್ಲಿಗೆ ಬಂದು ಎಷ್ಟು ಕಾಲವಾಯಿತು? ತನ್ನ ಜನ ನೆನಪಾಗುವುದಿಲ್ಲವೇ?

"ಅಭ್ಯಾಸ ಆಗಿದೆ ಅಂತ ಹೇಳು," ಎಂದಳು ವಾರಿಜ.

ಅದನ್ನು ಎಂಟು ಸ್ವರಗಳಲ್ಲಿ ಹೇಳಲಾಯಿತು. ಅಜ್ಜಿ ತಲೆದೂಗಿ, ಪರದೇಶದಲ್ಲಿ ಒಬ್ಬಂಟಿಯಾಗಿರುವವರಿಗೆ ಒಂದು ದಾರ ಸಾಲದೆಂದು, ನನ್ನ ಇನ್ನೊಂದು ಕೈಯನ್ನೂ ಎಳೆದುಕೊಂಡು ಕಟ್ಟಿದರು. ಬೇಡವೆನ್ನಬೇಕೆಂದಿದ್ದೆ. ಆದರೆ ಆ ಪದಕ್ಕೆ ಯಾವ ಸ್ವರವೋ ಗೊತ್ತಿರಲಿಲ್ಲ. ಕೈ ಚಾಚಿ ನಿಂತೆ.