ಕ್ಲಾರಿಯ ಕೈಗುಣ

ಬೆಳಗಿನ ಚಹಾ ಇನ್ನೂ ಬಾಯಲ್ಲಿರುವಾಗಲೇ ಪಕ್ಕದ ಮನೆಯ ಮೇವಿಸ್ ಪೆಂಗೆಲ್ಲಿ ಬಂದು ಕ್ಲಾರಿ ಟ್ರೆವಿನ್‌ನ ವೆರಾಂಡಾದಲ್ಲಿ ಒಂದು ನೀಲಿ ಕುಂಡವನ್ನು ಧೊಪ್ಪನೆ ಇಟ್ಟಳು. ಕುಂಡದಲ್ಲೊಂದು ಜರೀಗಿಡ. ಅರ್ಧ ಹಸಿರು, ಅರ್ಧ ಹಪ್ಪಳ.

"ಮಿಲ್ಡೂರಾ ಬಸ್‌ಸ್ಟ್ಯಾಂಡಿಗೆ ಹೋಗಿ ಕೊರಾಲೀನ ಕರ್ಕೊಂಡು ಬರ್ತೀನಿ," ಎಂದಳು. "ಸಂಜೆ ನಾವು ಬರೋ ಅಷ್ಟರಲ್ಲಿ ಇದಕ್ಕೊಂದು ಗತಿ ಕಾಣಿಸ್ಬಿಡು ಕ್ಲಾರಿ. ನಿನ್ ಕೈಗುಣ ಗೊತ್ತಿದ್ದೇ ನಿನಗೆ ಕೊಡ್ತಾ ಇದೀನಿ. ತಂಡದ ವಿಷಯ ಆಮೇಲೆ ಮಾತಾಡೋಣ."

ಕಾರು ಕೆಂಪು ಧೂಳೆಬ್ಬಿಸಿಕೊಂಡು ಹೊರಟುಹೋಯಿತು. ಕ್ಲಾರಿ ಮಾತ್ರ ಚಹಾದ ಲೋಟ ಹಿಡಿದುಕೊಂಡು ಹಾಗೇ ನಿಂತಿದ್ದ. ಅವನ ಕಿವಿಯಲ್ಲಿ ಉಳಿದದ್ದು ಕೊನೆಯ ಮಾತೊಂದೇ.

ಮೇವಿಸ್ ಮರುಭೂಮಿಯ ನಡುವಿನ ನಮ್ಮ ಗಣಿಯೂರು ಬ್ರೋಕನ್ ಹಿಲ್‌ನ ಬೌಲ್ಸ್ ತಂಡದ ಕ್ಯಾಪ್ಟನ್. ಹುಲ್ಲಿನ ಮೇಲೆ ಭಾರದ ಚೆಂಡುಗಳನ್ನು ಮೆಲ್ಲಗೆ ಉರುಳಿಸಿ, ಆಚೆ ತುದಿಯ ಪುಟ್ಟ ಬಿಳಿ ಚೆಂಡಿನ ಪಕ್ಕ ನಿಲ್ಲಿಸುವ ಆಟ ಅದು. ನಮ್ಮೂರಿನಲ್ಲಿ ಹುಲ್ಲು ಹಸಿರಾಗಿರುವುದು ಆ ಒಂದು ಅಂಗಳದಲ್ಲಿ ಮಾತ್ರ, ಆದ್ದರಿಂದ ಅಲ್ಲಿ ಕಾಲಿಡುವುದೇ ಒಂದು ಗೌರವ. ಅಂಚೆ ಕಚೇರಿಯಿಂದ ನಿವೃತ್ತನಾದಾಗಿನಿಂದ ಕ್ಲಾರಿ ಆ ಅಂಗಳದ ಅಂಚಿನಲ್ಲಿ ಅಂಕದ ಹಲಗೆ ಹಿಡಿದು ನಿಂತಿದ್ದಾನೆ. ಅಪ್ಪ ಬಿಟ್ಟುಹೋದ ನಾಲ್ಕು ಕರೀಮರದ ಚೆಂಡುಗಳನ್ನು ದಿನಾ ಒರೆಸಿ ಪಾಲಿಶ್ ಹಾಕಿ ಇಡುತ್ತಾನೆ, ಆಡುವ ಭಾಗ್ಯ ಮಾತ್ರ ಬಂದಿಲ್ಲ. ಈಗ ತಂಡದಲ್ಲಿ ಒಬ್ಬನ ಮೊಣಕಾಲು ಕೈಕೊಟ್ಟಿತ್ತು. ತಿಂಗಳ ಕೊನೆಯ ಶನಿವಾರ ಅಡಿಲೇಡಿನಲ್ಲಿ ಪಂದ್ಯ, ಒಂದು ಜಾಗ ಖಾಲಿ. ಕ್ಲಾರಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಅದೊಂದೇ.

ಕೊರಾಲಿ ಎಂದರೆ ಮೇವಿಸಳ ನಾದಿನಿ. ಮಳೆ ಬೀಳುವ ಕರಾವಳಿಯವಳು. ಅವಳ ಊರಲ್ಲಿ ರಾತ್ರಿ ಹೊರಗೆ ಬಿಟ್ಟ ಬೂಟಿನಲ್ಲೂ ಬೆಳಗ್ಗೆ ಜರೀಗಿಡ ಹುಟ್ಟಿರುತ್ತದೆ ಎನ್ನುತ್ತಾರೆ. ಕ್ರಿಸ್‌ಮಸ್‌ಗೆ ಬಂದಾಗ ಈ ಗಿಡ ಅವಳೇ ಕೊಟ್ಟದ್ದು. ಹೆಸರು ಮೇಡನ್‌ಹೇರ್, ಅಂದರೆ ಕನ್ಯೆಯ ಕೂದಲು. ಹೆಸರಿಗೆ ತಕ್ಕಂತೆ ನಾಜೂಕು. ನಮ್ಮೂರಿನ ಜನವರಿಯ ಸುಡುಬೇಸಿಗೆಯಲ್ಲಾದರೋ ಎರಡನೇ ಅಂಗಿ ಒಣಹಾಕುವಷ್ಟರಲ್ಲಿ ಮೊದಲನೆಯದು ಗರಿಗರಿಯಾಗಿರುತ್ತದೆ. ಅಂಥ ಗಾಳಿಯಲ್ಲಿ ಕನ್ಯೆ ಎಷ್ಟು ದಿನ ಕನ್ಯೆಯಾಗಿ ಉಳಿದಾಳು?

ಕೈಗುಣದ ಮಾತಿಗೆ ಬಂದರೆ, ಕ್ಲಾರಿಯ ಕೈಗುಣ ಊರಿಗೇ ಗೊತ್ತಿತ್ತು. ಅವನ ಮನೆಯಲ್ಲಿ ಒಂದು ಕಳ್ಳಿಗಿಡ ಸತ್ತಿತ್ತು. ಸುತ್ತ ನೂರಾರು ಮೈಲಿ ಮರುಭೂಮಿಯಲ್ಲಿ ಯಾರ ಹಂಗೂ ಇಲ್ಲದೆ ಬೆಳೆಯುವ ಕಳ್ಳಿ. ಆಮೇಲೆ 'ಅತ್ತೆಯ ನಾಲಿಗೆ' ಎಂಬ ಗಿಡ ತಂದಿದ್ದ. ನೀರು ಹಾಕದಿದ್ದರೂ, ಕತ್ತಲಲ್ಲಿಟ್ಟರೂ, ಬೈದರೂ ಅದು ಸಾಯುವುದಿಲ್ಲ ಎಂದು ಅಂಗಡಿಯವನು ಮಾತು ಕೊಟ್ಟಿದ್ದ. ಅತ್ತೆಯ ನಾಲಿಗೆಯನ್ನು ಅಡಗಿಸಿದ ಗಂಡಸು ಎಂದು ಅದೂ ಸತ್ತ ದಿನ ಕ್ಲಬ್ಬಿನಲ್ಲಿ ಕ್ಲಾರಿಗೆ ಪುಕ್ಕಟೆ ಬಿಯರ್ ಕೊಡಿಸಿದ್ದರು. ಆದರೆ ಈಗ ಕ್ಯಾಪ್ಟನ್ನೇ ಬಾಯಿಬಿಟ್ಟು ಕೈಗುಣ ಎಂದಮೇಲೆ ಅದರಲ್ಲೇನೋ ಇರಲೇಬೇಕು ಎಂದು ಅವನಿಗೆ ಅನ್ನಿಸಿತು. ಹೊಗಳಿಕೆ ಯಾರಿಗೆ ಬೇಡ?

ಮೊದಲು ಬಂದವಳು ಎದುರುಮನೆಯ ನೋಲಾ. ನಮ್ಮ ಬೀದಿಯಲ್ಲಿ ಸೊಳ್ಳೆ ಸತ್ತರೂ ಮೊದಲು ತಿಳಿಯುವುದು ಅವಳಿಗೆ. ಎಲೆ ಮುಟ್ಟಿ ನೋಡಿ, ಇದಕ್ಕೆ ಬಾಯಾರಿಕೆ, ಬೇರೇನೂ ಅಲ್ಲ ಎಂದಳು. ಬಕೆಟ್ ತರಿಸಿದಳು. ಸ್ನಾನದ ನೀರು ಹಿಡಿದಿಟ್ಟು ಗಿಡಕ್ಕೆ ಹಾಕುವುದು ನಮ್ಮೂರಿನ ವಾಡಿಕೆ, ಕ್ಲಾರಿಯ ಬಕೆಟ್ಟಿನಲ್ಲೂ ನಿನ್ನೆಯ ಸೋಪಿನ ನೀರಿತ್ತು. ಕುಂಡವನ್ನು ಕತ್ತಿನ ತನಕ ಅದರಲ್ಲಿ ಮುಳುಗಿಸಿ, ಗುಳ್ಳೆ ನಿಂತ ಮೇಲೆ ತೆಗಿ ಎಂದು ಹೇಳಿ, ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಮನೆಗೆ ಓಡಿದಳು.

ಗುಳ್ಳೆ ನಿಲ್ಲುವ ಮೊದಲೇ ಕರ್ಲಿ ಬಂದ. ಗಣಿಯಲ್ಲಿ ಮೇಸ್ತ್ರಿಯಾಗಿದ್ದವನು. ತಲೆಯ ಮೇಲೆ ಒಂದೂ ಕೂದಲಿಲ್ಲ, ಆದ್ದರಿಂದಲೇ ಊರು ಅವನನ್ನು ಕರ್ಲಿ, ಗುಂಗುರು ಕೂದಲಿನವನು, ಎಂದು ಕರೆಯುತ್ತದೆ. ನಮ್ಮವರ ಮಾತೇ ಹಾಗೆ. ಆರಡಿ ಎತ್ತರದವನನ್ನು ಕುಳ್ಳ ಎನ್ನುತ್ತಾರೆ, ಊರೆಲ್ಲ ಸುಡುತ್ತಿದ್ದರೆ ಸ್ವಲ್ಪ ಬೆಚ್ಚಗಿದೆ ಎನ್ನುತ್ತಾರೆ.

"ಏನ್ ಮಾರಾಯ, ಗಿಡಕ್ಕೆ ಈಜು ಕಲಿಸ್ತಿದೀಯಾ?" ಎಂದ ಕರ್ಲಿ. "ಬೇರು ಕೊಳೆತುಹೋಗುತ್ತೆ. ಮೇಲಕ್ಕೆತ್ತು. ಗಾಳಿಗಿಡು."

ಗಾಳಿಗಿಟ್ಟರು. ಅಂದು ಬೀಸುತ್ತಿದ್ದದ್ದು ಉತ್ತರದ ಗಾಳಿ, ಮರುಭೂಮಿಯಿಂದ ನೇರ ಬರುವಂಥದ್ದು. ಕರ್ಲಿ ಬಿಯರ್ ಕುಡಿದು ಮುಗಿಸುವಷ್ಟರಲ್ಲಿ ಹಸಿರಿದ್ದ ಅರ್ಧವೂ ಹಪ್ಪಳವಾಯಿತು. ಅಡಿಲೇಡಿನ ಹಸಿರು ಅಂಗಳ ಕ್ಲಾರಿಯ ಕಣ್ಣ ಮುಂದೆಯೇ ಒಣಗಿದ ಹಾಗಾಯಿತು.

ಅಷ್ಟರಲ್ಲಿ ನೋಲಾ ವಾಪಸು ಬಂದಳು. ಕೈಯಲ್ಲಿ ಭೂತಗನ್ನಡಿ. ಎಲೆಯನ್ನು ಮಗುಚಿ ನೋಡಿದರೆ, ಅಂಚಿನುದ್ದಕ್ಕೂ ಸಾಲಾಗಿ ಕಂದು ಚುಕ್ಕೆ. ಇನ್ನೇನು ಬೇಕು? ಹುಳ, ಚಿಪ್ಪುಹುಳ, ಇದೇ ರಕ್ತ ಹೀರುತ್ತಿರುವುದು ಎಂದು ತೀರ್ಪು ಕೊಟ್ಟಳು. ಜರೀಗಿಡ ಬೀಜ ಕಟ್ಟುವುದೇ ಹಾಗೆ, ಎಲೆಯ ಅಡಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಎನ್ನುವುದು ಆ ವೆರಾಂಡಾದಲ್ಲಿ ಯಾರಿಗೂ ತಿಳಿದಿರಲಿಲ್ಲ. ಆಳಿಗೊಂದು ಉಂಡೆ ಹತ್ತಿ ಹಿಡಿದು, ಸ್ಪಿರಿಟ್ಟಿನಲ್ಲಿ ಅದ್ದಿ, ಮೂವರೂ ಕೂತು ಗಿಡದ ವಂಶವನ್ನೇ ಒರೆಸಿದರು. ಒರೆಸಿದ ಹತ್ತಿಯನ್ನೆಲ್ಲ ನೋಲಾ ಕುಂಡದೊಳಗೇ ಬಿಟ್ಟಳು. ಸ್ಪಿರಿಟ್ಟಿನ ವಾಸನೆಗೆ ಉಳಿದ ಹುಳವೂ ಸಾಯಲಿ ಎಂದು.

ಹುಳ ಸತ್ತವೋ ಇಲ್ಲವೋ, ಗಿಡ ಮಾತ್ರ ತಲೆ ಕೆಳಗೆ ಹಾಕಿತು. ಆಗ ಕರ್ಲಿ ಬಹಳ ಹೊತ್ತು ಬೋಳುತಲೆ ಕೆರೆದುಕೊಂಡು, ತನ್ನ ಅಜ್ಜಿ ಇಂಥ ಗಿಡಕ್ಕೆ ಏನು ಮಾಡುತ್ತಿದ್ದಳೆಂದು ನೆನಪಿಸಿಕೊಂಡ.

"ಬೆಂಕಿ ಇಡ್ತಿದ್ಲು," ಎಂದ.

"ಗಿಡಕ್ಕಾ?"

"ಒಣಗಿದ ಎಲೆಗೆ ಮಾರಾಯ. ಮೇಲೆ ಸುಟ್ಟರೆ ಬುಡದಿಂದ ಹೊಸದಾಗಿ ಚಿಗುರುತ್ತೆ. ನಮ್ಮ ದೇಶದ ಕಾಡೆಲ್ಲ ಹಾಗೇ ಅಲ್ವಾ?"

ಅಂದು ಹೊರಗೆ ಬೆಂಕಿ ಹಚ್ಚಕೂಡದೆಂದು ಬೆಳಗ್ಗೆಯಿಂದ ರೇಡಿಯೊ ಬಡಿದುಕೊಳ್ಳುತ್ತಿತ್ತು. ಕ್ಲಾರಿ ಅದನ್ನು ಹೇಳಿದ. ವೆರಾಂಡಾ ಹೊರಗಲ್ಲ, ಮೇಲೆ ತಗಡಿದೆ ಎಂದು ಕರ್ಲಿ ಕಾನೂನು ಬಿಡಿಸಿ ಹೇಳಿ ಕಡ್ಡಿ ಗೀರಿದ. ಹತ್ತಿಯಲ್ಲಿದ್ದ ಸ್ಪಿರಿಟ್ಟನ್ನು ಮೂವರೂ ಮರೆತಿದ್ದರು.

ಭುಗ್ ಎಂದಿತು. ಕನ್ಯೆಯ ಕೂದಲು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು, ಮೇಲಿನ ಬಿದಿರಿನ ಪರದೆಗೂ ಉರಿ ಹತ್ತಿತು, ಕ್ಲಾರಿಯ ಒಂದು ಹುಬ್ಬೂ ಹೋಯಿತು. ಕರ್ಲಿಗೆ ಹೋಗಲು ಏನೂ ಇರಲಿಲ್ಲ. ಯಾರೋ ಫೋನು ಮಾಡಿ, ಅಗ್ನಿಶಾಮಕದವರ ಲಾರಿ ಗಂಟೆ ಬಾರಿಸುತ್ತ ಬಂದು, ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ ಇಡೀ ವೆರಾಂಡಾವನ್ನು ತೊಳೆದು ಹಾಕಿತು. ಅಷ್ಟೊಂದು ನೀರು ಒಟ್ಟಿಗೆ ಹರಿಯುವುದನ್ನು ನಮ್ಮ ಬೀದಿ ತಿಂಗಳುಗಟ್ಟಲೆ ನೋಡಿರಲಿಲ್ಲ. ಬೆಂಕಿ ಆರಿಸಲು ಬಂದ ನೆರೆಯವರೆಲ್ಲ ಆಮೇಲೆ ಬಕೆಟ್ ತಂದು ಮೋರಿಯ ನೀರು ಹಿಡಿದುಕೊಂಡರು.

ಉಳಿದದ್ದು ನೀಲಿ ಕುಂಡ ಮತ್ತು ಅದರಲ್ಲಿ ಒಂದು ಹಿಡಿ ಕರೀ ಕಡ್ಡಿ. ಕ್ಲಾರಿ ಒದ್ದೆ ನೆಲದ ಮೇಲೆ ಕೂತುಬಿಟ್ಟ. ನಾಚಿಕೆಗಿಂತ ಹೆಚ್ಚಾಗಿ ಅವನಿಗೆ ದುಃಖವಾಗಿತ್ತು. ಕ್ಯಾಪ್ಟನ್ ಅವನನ್ನು ನಂಬಿದ್ದು ಇದೇ ಮೊದಲು.

ಊರಲ್ಲಿ ಇನ್ನೊಂದು ಮೇಡನ್‌ಹೇರ್ ಇರುವುದು ನೋಲಾಗೆ ನೆನಪಾಯಿತು. ಅದು ಇದ್ದದ್ದು ಶವಸಂಸ್ಕಾರದ ಹೊರೇಸ್ ವಾಸ್ಪರನ ಅಂಗಡಿಯಲ್ಲಿ, ಸತ್ತವರನ್ನು ನೋಡಲು ಇಡುವ ಕೋಣೆಯಲ್ಲಿ. ತಂಪು, ಮಬ್ಬು ಬೆಳಕು, ತೇವ, ಸದ್ದಿಲ್ಲ. ನಮ್ಮೂರಿನಲ್ಲಿ ಆ ಗಿಡ ಬದುಕಿದ್ದದ್ದು ಸತ್ತವರ ಕೋಣೆಯಲ್ಲಿ ಮಾತ್ರ. ಕ್ಲಾರಿ ಹೋಗಿ ನೋಡಿದ. ಒಂದೊಂದು ಎಳೆಯೂ ಸೊಂಪಾಗಿ ಇಳಿಬಿದ್ದಿತ್ತು. ಎಷ್ಟು ಬೇಕಾದರೂ ಕೊಡುತ್ತೇನೆ ಎಂದ. ಹೊರೇಸ್ ಕರವಸ್ತ್ರದಿಂದ ಕನ್ನಡಕ ಒರೆಸಿಕೊಂಡು, ದುಃಖಿತರೊಡನೆ ಮಾತಾಡುವ ಅದೇ ಮೆತ್ತನೆಯ ದನಿಯಲ್ಲಿ, ದುಡ್ಡು ಬೇಡ ಎಂದ.

"ನಿಮ್ಮ ತಂದೆಯವರ ಚೆಂಡುಗಳು ನನಗೆ ಮೊದಲಿಂದಲೂ ಇಷ್ಟ," ಎಂದ.

ಕ್ಲಾರಿ ಮನೆಗೆ ಹೋಗಿ ಚೆಂಡುಗಳನ್ನು ಕೊನೆಯ ಸಲ ಒರೆಸಿದ. ಮೊದಲು ತಂಡದಲ್ಲಿ ಜಾಗ ಸಿಗಲಿ, ಚೆಂಡು ಯಾರ ಹತ್ತಿರವಾದರೂ ಕೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕೊಟ್ಟು ಬಂದ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ. ಸೊಂಪಾದ ಗಿಡವನ್ನು ನೀಲಿ ಕುಂಡಕ್ಕೆ ಬದಲಾಯಿಸಿದ. ಸುಟ್ಟ ಬುಡವನ್ನು ಒಂದು ಹಳೆಯ ಪೇಂಟ್ ಡಬ್ಬಕ್ಕೆ ತುರುಕಿ ನೀರಿನ ತೊಟ್ಟಿಯ ಹಿಂದೆ ಬಚ್ಚಿಟ್ಟ. ಸುಟ್ಟ ಪರದೆಯನ್ನು ಕಿತ್ತುಹಾಕಿ, ಹೋದ ಹುಬ್ಬಿನ ಮೇಲೆ ಟೋಪಿ ಎಳೆದುಕೊಂಡು, ಬೆಂಕಿಯ ಸುದ್ದಿ ಎತ್ತಬೇಡಿರೆಂದು ಬೀದಿಯವರ ಕೈಕಾಲು ಹಿಡಿದ.

ಸಂಜೆ ಕಾರು ಬಂತು. ಕೊರಾಲಿ ಇಳಿದವಳೇ ವೆರಾಂಡಾದ ಕಡೆ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಓಡಿಬಂದು ಎಲೆಗಳನ್ನು ಕೆನ್ನೆಗೊತ್ತಿಕೊಂಡಳು. ಕುಂಡದ ಮಣ್ಣಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಪುಟ್ಟ ಚೀಟಿಯನ್ನು ಎತ್ತಿ ಓದಿದಳು. 'ಶಾಂತಿಯಿಂದ ವಿಶ್ರಮಿಸು' ಎಂದಿತ್ತು. ಸತ್ತವರ ಕೋಣೆಯ ಯಾವುದೋ ಹೂಗುಚ್ಛದಿಂದ ಬಿದ್ದ ಚೀಟಿ.

"ನೋಡು ಮೇವಿಸ್," ಎಂದಳು ಕೊರಾಲಿ, ಕಣ್ಣು ಒದ್ದೆ ಮಾಡಿಕೊಂಡು. "ಗಿಡದ ಜೊತೆ ಮಾತಾಡ್ತಾನೆ ಈ ಪುಣ್ಯಾತ್ಮ."

ಮೇವಿಸಳ ಮುಖ ಕೆಂಪಗಾದದ್ದು ನೋಡಿ ಕ್ಲಾರಿ, ಸಂತೋಷಕ್ಕೇ ಇರಬೇಕು ಎಂದುಕೊಂಡ. ಕೊರಾಲಿ ಸಾಮಾನು ಇಳಿಸಲು ಕಾರಿನತ್ತ ಹೋದಾಗ ಮೇವಿಸ್ ಅವನ ತೋಳು ಹಿಡಿದು ತೊಟ್ಟಿಯ ಮರೆಗೆ ಎಳೆದಳು.

"ನಾನೇನ್ ಹೇಳಿ ಹೋಗಿದ್ದೆ ನಿನಗೆ?"

"ಗತಿ ಕಾಣಿಸು ಅಂದಿದ್ರಿ ಕ್ಯಾಪ್ಟನ್."

"ಗತಿ ಕಾಣಿಸೋದು ಅಂದ್ರೆ ಇದಾ? ಕಳ್ಳೀನ ಕೊಂದವನು ನೀನು. ಅತ್ತೆ ನಾಲಿಗೇನ ಕೊಂದವನು ನೀನು. ಇದರ ಕಾಟ ಸಾಕಾಗಿತ್ತು, ಆದ್ರೆ ನನ್ನ ಕೈಯಿಂದ ಸತ್ತರೆ ನಾದಿನಿ ಜನ್ಮವೆಲ್ಲ ಆಡ್ಕೋತಾಳೆ ಅಂತ ನಿನ್ನ ಹತ್ರ ತಂದಿಟ್ಟೆ. ಒಂದೇ ಒಂದು ದಿನ ನಿನ್ನ ಕೈಗುಣ ಬೇಕಾಗಿತ್ತು ಕ್ಲಾರಿ, ಒಂದೇ ದಿನ. ಜಾಗ ನಿನಗೇ ಅಂತ ಇಟ್ಕೊಂಡಿದ್ದೆ."

ಬೋಳುತಲೆಯವನನ್ನು ಗುಂಗುರು ಎನ್ನುವ ಊರಲ್ಲಿ ಹುಟ್ಟಿ ಬೆಳೆದವನು, ಕೈಗುಣ ಎಂದರೆ ಏನೆಂದು ಒಂದು ಗಳಿಗೆ ಯೋಚಿಸಬಾರದಿತ್ತೇ? ಕ್ಲಾರಿ ಬಾಯಿ ತೆರೆದ. ಸತ್ತಿದೆ ಕ್ಯಾಪ್ಟನ್, ನಿಜವಾಗಿಯೂ ಸತ್ತಿದೆ, ನಾನೇ ಸುಟ್ಟೆ ಎನ್ನಲು ಹೊರಟ. ಅಷ್ಟರಲ್ಲಿ ಕೊರಾಲಿ ಕೂಗಿದಳು.

ಕಾರಿನ ಹಿಂದಿನ ಡಿಕ್ಕಿ ತೆರೆದಿತ್ತು. ಒಳಗೆ ಆರು ಕುಂಡ, ಆರರಲ್ಲೂ ಜರೀಗಿಡ. ಮೊದಲನೆಯದು ಸತ್ತಿದ್ದರೆ ಇವನ್ನು ವಾಪಸು ಒಯ್ಯುವುದು, ಬದುಕಿದ್ದರೆ ಇಲ್ಲೇ ಬಿಟ್ಟುಹೋಗುವುದು ಎಂದು ನಿಶ್ಚಯ ಮಾಡಿಕೊಂಡೇ ತಂದಿದ್ದಳಂತೆ. ಎರಡು ವಾರ ಇಲ್ಲೇ ಇರುತ್ತೇನೆ, ದಿನಾ ಬಂದು ನೋಡುತ್ತೇನೆ, ಇವುಗಳನ್ನು ಈ ಪುಣ್ಯಾತ್ಮನಲ್ಲದೆ ಬೇರೆ ಯಾರೂ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದಳು. ಮೇವಿಸ್ ಕ್ಲಾರಿಯನ್ನು ನೋಡಿದ ನೋಟಕ್ಕೆ ಏಳೂ ಗಿಡ ಒಣಗಬೇಕಿತ್ತು.

ಅಂದಿನಿಂದ ಕ್ಲಾರಿಯ ಬಚ್ಚಲುಮನೆ ಗಿಡಗಳಿಗೆ ಹೋಯಿತು, ಮನೆಯಲ್ಲಿ ತೇವ ನಿಲ್ಲುವ ಜಾಗ ಅದೊಂದೇ. ಅವನು ಸ್ನಾನಕ್ಕೆ ಟವೆಲ್ ಹೆಗಲಿಗೆ ಹಾಕಿಕೊಂಡು ಕರ್ಲಿಯ ಮನೆಗೆ ಹೋಗುತ್ತಾನೆ. ಪುಣ್ಯಾತ್ಮನನ್ನು ನಂಬಿಬಿಟ್ಟಿರುವ ಕೊರಾಲಿ ಈಗ ಒಂದು ಗಿಡ ಸತ್ತರೆ ಎರಡು ತರುತ್ತಾಳೆಂದು ಮೇವಿಸ್ ಎಚ್ಚರಿಸಿದ್ದರಿಂದ ಕೊಲ್ಲುವ ಹಾಗೂ ಇರಲಿಲ್ಲ. ಅವನು ಮುಟ್ಟಿದ ಗಿಡ ಹುಟ್ಟಿದಾರಭ್ಯ ಇದೇ ಮೊದಲು ಬದುಕುತ್ತಿತ್ತು.

ತಿಂಗಳ ಕೊನೆಯ ಶನಿವಾರ ಬೆಳಗ್ಗೆ ತಂಡದ ವ್ಯಾನು ಬೀದಿಯಲ್ಲಿ ನಿಂತಿತು. ಖಾಲಿ ಜಾಗದಲ್ಲಿ ಹೊರೇಸ್ ವಾಸ್ಪರ್ ಕೂತಿದ್ದ, ಮಡಿಲಲ್ಲಿ ನಾಲ್ಕು ಕರೀ ಚೆಂಡು. ಇಷ್ಟು ಒಳ್ಳೆಯ ಚೆಂಡು ಇರುವವನನ್ನು ಬಿಡುವುದುಂಟೇ ಎಂದು ಮೇವಿಸ್ ಅವನನ್ನೇ ಆರಿಸಿದ್ದಳು. ಕ್ಲಾರಿಗೆ ಇನ್ನು ತಡೆಯಲಾಗಲಿಲ್ಲ. ಎರಡು ವಾರ ಮೇವಿಸಳ ಬೆನ್ನಿಗೇ ಅಂಟಿಕೊಂಡು ನಿಜ ಹೇಳಲು ಬಿಡದಿದ್ದ ಕೊರಾಲಿ ಅದೃಷ್ಟಕ್ಕೆ ಹಿಂದಿನ ದಿನವೇ ಊರಿಗೆ ಹೋಗಿದ್ದಳು. ತೊಟ್ಟಿಯ ಹಿಂದೆ ಓಡಿ, ಎರಡು ವಾರದಿಂದ ತಿರುಗಿಯೂ ನೋಡದ ಪೇಂಟ್ ಡಬ್ಬವನ್ನು ಹೊತ್ತುಕೊಂಡು ಬಂದು ವ್ಯಾನಿನ ಕಿಟಕಿಗೆ ಹಿಡಿದ.

"ಇದು ನಿಮ್ಮ ಗಿಡ ಕ್ಯಾಪ್ಟನ್, ಅಸಲಿ ಗಿಡ," ಎಂದ ಏದುಸಿರು ಬಿಡುತ್ತ. "ಅವತ್ತೇ ಗತಿ ಕಾಣಿಸಿದ್ದೆ. ನೋಡಿ, ಪೂರ್ತಿ ಸತ್ತಿದೆ. ನನ್ನ ಕೈಗುಣ ಕೆಟ್ಟಿಲ್ಲ."

ಮೇವಿಸ್ ಕನ್ನಡಕ ಏರಿಸಿಕೊಂಡು ಡಬ್ಬದೊಳಗೆ ಬಗ್ಗಿ ನೋಡಿದಳು. ಅವಳ ಹೆಗಲ ಮೇಲಿನಿಂದ ಹೊರೇಸನೂ ನೋಡಿದ. ಆಮೇಲೆ ಕ್ಲಾರಿಯೂ ನೋಡಿದ. ತೊಟ್ಟಿಯ ನಲ್ಲಿ ಎರಡು ವಾರ ಒಂದೊಂದೇ ಹನಿ ತೊಟ್ಟಿಕ್ಕಿದ್ದಿರಬೇಕು. ಕರೀ ಕಡ್ಡಿಗಳ ನಡುವಿನಿಂದ ಹತ್ತಾರು ಹಸಿರು ಸುರುಳಿಗಳು ಹೆಬ್ಬೆರಳೆತ್ತರ ಎದ್ದು ನಿಂತಿದ್ದವು.

"ನಾನು ಹೇಳ್ಲಿಲ್ವಾ ಮಾರಾಯ?" ಎಂದ ಕರ್ಲಿ ತನ್ನ ಗೇಟಿನಿಂದ. "ನಮ್ಮಜ್ಜಿ ಹೀಗೇ ಮಾಡ್ತಿದ್ಲು."

ಮೇವಿಸ್ ಡಬ್ಬವನ್ನು ಎರಡೂ ಕೈಯಿಂದ ಕ್ಲಾರಿಯ ಎದೆಗೆ ಒತ್ತಿಕೊಟ್ಟಳು.

"ಇದನ್ನೂ ಒಳಗಿಡು," ಎಂದಳು. "ಸೋಮವಾರ ಬರ್ತೀವಿ."